ಹಗಲು ಜನರಿಗೆ, ರಾತ್ರಿ ಆಮೆಗಳಿಗೆ

ಜುಲೈ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲಗನಾಸ್ ಕಡಲತೀರಕ್ಕೆ ಬಂದವರು ಟವೆಲ್ ಹಾಸಲು ಜಾಗ ಹುಡುಕಬೇಕಾಗುತ್ತದೆ. ಸಾಲು ಸಾಲು ಬಣ್ಣದ ಕೊಡೆಗಳು, ಅವುಗಳ ಕೆಳಗೆ ಒರಗು ಕುರ್ಚಿಗಳು, ಮೈಗೆಲ್ಲ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ ಪ್ರವಾಸಿಗರು, ಪುಟ್ಟ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಮರಳಿನ ಕೋಟೆ ಕಟ್ಟುವ ಮಕ್ಕಳು. ಹಿಂದಿನ ಸಾಲಿನ ಹೋಟೆಲುಗಳಿಂದ ಒಂದರ ಮೇಲೊಂದು ಬಿದ್ದು ಬರುವ ಸಂಗೀತ. ಸಾಲದ್ದಕ್ಕೆ ಹತ್ತಿರದಲ್ಲೇ ಇರುವ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಲೆಗೆ ತಾಗುತ್ತವೇನೋ ಎನ್ನುವಷ್ಟು ಕೆಳಗೆ ಹಾದು ಹೋಗುತ್ತವೆ.

ಇಷ್ಟೆಲ್ಲ ಗದ್ದಲದ ಈ ಮರಳಿನ ಮೇಲೆ ತೀರದುದ್ದಕ್ಕೂ ಪೂರ್ವಕ್ಕೆ ನಡೆಯುತ್ತ ಹೋದರೆ ಕೊಡೆಗಳು ವಿರಳವಾಗುತ್ತವೆ. ಒಂದು ಫಲಕ ಎದುರಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಮತ್ತೆ ಹುಟ್ಟುವವರೆಗೆ ಇಲ್ಲಿ ಯಾರೂ ಕಾಲಿಡಬಾರದು ಎಂಬುದು ಅದರ ಸಾರಾಂಶ. ಯಾಕೆಂದರೆ ರಾತ್ರಿ ಪಾಳಿಯಲ್ಲಿ ಈ ಮರಳು ಬೇರೆಯವರದು. ಹತ್ತಿರ ಹತ್ತಿರ ನೂರು ಕಿಲೋ ತೂಗುವ ಕಡಲಾಮೆಗಳು ಆಗ ನೀರಿನಿಂದೆದ್ದು ಬರುತ್ತವೆ, ಗುಂಡಿ ತೋಡಿ ಮೊಟ್ಟೆಯಿಡಲು.

ಪೂರ್ವದೇಶಗಳ ಹೂವು

ಲಗನಾಸ್ ಇರುವುದು ಗ್ರೀಸ್ ದೇಶದ ಝಾಕಿಂಥೋಸ್ ದ್ವೀಪದಲ್ಲಿ. ಗ್ರೀಸಿನ ಪಶ್ಚಿಮಕ್ಕಿರುವ ಅಯೋನಿಯನ್ ಸಮುದ್ರದ ದ್ವೀಪಗಳಲ್ಲಿ ಗಾತ್ರದಲ್ಲಿ ಇದು ಮೂರನೆಯದು. ವಿಸ್ತೀರ್ಣ ಸುಮಾರು 400 ಚದರ ಕಿಲೋಮೀಟರು, ಜನ ಸುಮಾರು ನಲವತ್ತು ಸಾವಿರ. 1484ರಿಂದ 1797ರವರೆಗೆ ವೆನಿಸ್ಸಿನವರು ಇದನ್ನು ಆಳಿದರು. ಇಲ್ಲಿನ ಹಸಿರು ಕಂಡು ಮರುಳಾಗಿ 'ಪೂರ್ವದೇಶಗಳ ಹೂವು' ಎಂದು ಕರೆದರು. ಝಾಂಟೆ ಎಂಬ ಇನ್ನೊಂದು ಹೆಸರೂ ಅವರ ಬಳುವಳಿಯೇ. ಇಲ್ಲಿ ಬೆಳೆಯುವ ಸಣ್ಣ ಕಪ್ಪು ಒಣದ್ರಾಕ್ಷಿ ಶತಮಾನಗಳ ಕಾಲ ಹಡಗು ತುಂಬಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ರಸಪ್ರಶ್ನೆಗೆ ತಯಾರಾಗುವ ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬಹುದು. ಗ್ರೀಸಿನ ರಾಷ್ಟ್ರಗೀತೆ ಬರೆದ ಕವಿ ದಿಯೊನೀಸಿಯೊಸ್ ಸೊಲೊಮೊಸ್ 1798ರಲ್ಲಿ ಹುಟ್ಟಿದ್ದು ಈ ದ್ವೀಪದಲ್ಲೇ. 1823ರಲ್ಲಿ ಆತ ಬರೆದ ಸ್ವಾತಂತ್ರ್ಯಗೀತೆಯಲ್ಲಿ 158 ಪದ್ಯಗಳಿವೆ. ಹಾಡುವುದು ಮೊದಲಿನ ಎರಡನ್ನು ಮಾತ್ರ. ಪುಣ್ಯ ಮಾಡಿದ್ದಾರೆ ಗ್ರೀಸಿನ ಶಾಲಾಮಕ್ಕಳು! ವಿಮಾನ ನಿಲ್ದಾಣಕ್ಕೂ ಈ ಕವಿಯದೇ ಹೆಸರು.

1953ರ ಆಗಸ್ಟಿನಲ್ಲಿ ಭೂಕಂಪವಾಗಿ ದ್ವೀಪದ ಮುಖ್ಯ ಪಟ್ಟಣ ನೆಲಸಮವಾಯಿತು. ಈಗ ಕಾಣುವ ಪಟ್ಟಣ ಬಹುಪಾಲು ಆಮೇಲೆ ಕಟ್ಟಿದ್ದು. ಬದುಕು ಹೊಸದಾಗಿ ಕಟ್ಟಿಕೊಳ್ಳಬೇಕಾಗಿದ್ದ ಜನಕ್ಕೆ ಪ್ರವಾಸಿಗರು ವರವಾಗಿ ಬಂದರು. ಆಲಿವ್ ತೋಟ, ದ್ರಾಕ್ಷಿ ಬಳ್ಳಿ ನೋಡಿಕೊಂಡಿದ್ದ ಊರುಗಳು ಕೋಣೆ ಬಾಡಿಗೆಗೆ ಕೊಡಲು ಕಲಿತವು. ಬಿಸಿಲನ್ನೇ ಕಾಣದ ಇಂಗ್ಲೆಂಡಿನಿಂದ ನೇರ ವಿಮಾನಗಳು ಬರತೊಡಗಿದವು. ಲಗನಾಸ್ ಎಂಬ ಹಳ್ಳಿ ನೋಡನೋಡುತ್ತಿದ್ದಂತೆ ರಾತ್ರಿಯಿಡೀ ಎಚ್ಚರವಿರುವ ಬೀದಿಯಾಯಿತು.

ತೀರದ ಗುಣವೇ ಹಾಗಿದೆ. ದಕ್ಷಿಣಕ್ಕೆ ಮುಖ ಮಾಡಿದ ಅರ್ಧಚಂದ್ರಾಕಾರದ ಕೊಲ್ಲಿ. ಮೆಡಿಟರೇನಿಯನ್ನಿನಲ್ಲಿ ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ನೀರಿಗಿಳಿದು ತುಂಬ ದೂರ ನಡೆದು ಹೋದರೂ ಸೊಂಟದ ಮೇಲೆ ಏರುವುದಿಲ್ಲ. ಮಲ್ಪೆ, ಕಾರವಾರದ ಅಲೆಗಳನ್ನು ಕಂಡವರಿಗೆ ಇದೇನು ಸಮುದ್ರವೋ ಕೆರೆಯೋ ಎನ್ನಿಸೀತು. ಸಣ್ಣ ಮಕ್ಕಳಿರುವ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಮನುಷ್ಯನಿಗೆ ಹಿತವಾದ ಇದೇ ಗುಣಗಳು ಆಮೆಗೂ ಹಿತ. ತೊಡಕು ಶುರುವಾಗುವುದು ಇಲ್ಲಿಂದ.

ಮರಳಿನೊಳಗಿನ ಲೆಕ್ಕ

ಇಲ್ಲಿಗೆ ಬರುವ ಆಮೆಯನ್ನು ಇಂಗ್ಲಿಷಿನಲ್ಲಿ ಲಾಗರ್‌ಹೆಡ್ ಎನ್ನುತ್ತಾರೆ. ಅದರ ದಪ್ಪ ತಲೆಯಿಂದ ಬಂದ ಹೆಸರು. ವಿಜ್ಞಾನಿಗಳು ಇಟ್ಟ ಹೆಸರು ಕರೆಟ್ಟಾ ಕರೆಟ್ಟಾ. ಏಪ್ರಿಲ್, ಮೇ ಹೊತ್ತಿಗೆ ಅವು ಕೊಲ್ಲಿಯ ಆಳವಿಲ್ಲದ ನೀರಿಗೆ ಬಂದು ಸೇರುತ್ತವೆ. ಬಿಸಿಲಿಗೆ ಬೇಗ ಕಾಯುವ ತೀರದ ನೀರಿನಲ್ಲಿದ್ದರೆ ಹೊಟ್ಟೆಯೊಳಗಿನ ಮೊಟ್ಟೆಗಳು ಬೇಗ ಬಲಿಯುತ್ತವೆ. ಜನ ಮೀಯುವುದೂ ಅದೇ ನೀರಿನಲ್ಲಿ ತಾನೆ!

ಮೇ ಕೊನೆಯಿಂದ ಆಗಸ್ಟ್‌ವರೆಗೆ ಹೆಣ್ಣಾಮೆಗಳು ಕತ್ತಲಾದ ಮೇಲೆ ತೀರಕ್ಕೆ ಬರುತ್ತವೆ. ನೀರಿನಲ್ಲಿ ಹಕ್ಕಿಯಂತೆ ತೇಲುವ ಪ್ರಾಣಿ ನೆಲದ ಮೇಲೆ ಮೂಟೆ ಎಳೆದಂತೆ ತೆವಳುತ್ತದೆ. ಜಾಗ ಹಿಡಿಸಿದರೆ ಹಿಂಗಾಲುಗಳಿಂದ ಅರ್ಧ ಮೀಟರಿನಷ್ಟು ಆಳಕ್ಕೆ ಹೂಜಿಯಾಕಾರದ ಗುಂಡಿ ತೋಡಿ, ಟೇಬಲ್ ಟೆನ್ನಿಸ್ ಚೆಂಡಿನಂಥ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಮೇಲೆ ಮರಳೆರಚಿ ಗುರುತು ಅಳಿಸಿ ಹೋಗುತ್ತದೆ. ಈ ನಡುವೆ ಯಾರಾದರೂ ಟಾರ್ಚ್ ಬಿಟ್ಟರೆ, ಮಾತಾಡುತ್ತ ಎದುರಿಗೆ ಬಂದರೆ ಮುಗಿಯಿತು. ಮೊಟ್ಟೆಯಿಡದೆ ಸಮುದ್ರಕ್ಕೆ ವಾಪಸು. ಮೊಟ್ಟೆಗೆ ಕಾವು ಕೊಡುವುದು ಬಿಸಿಲು ಕಾದ ಮರಳೇ. ಎರಡು ತಿಂಗಳ ಒಳಗೆ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮರಿಗಳು ಒಟ್ಟಾಗಿ ಮರಳು ಸರಿಸಿ ಹೊರಬರುತ್ತವೆ. ಸಾವಿರದಲ್ಲಿ ಒಂದು ದೊಡ್ಡದಾದರೆ ಹೆಚ್ಚು ಎಂದು ಅಂದಾಜು. ಬದುಕಿ ಉಳಿದ ಹೆಣ್ಣು ಇಪ್ಪತ್ತು, ಮೂವತ್ತು ವರ್ಷದ ನಂತರ ತಾನು ಹುಟ್ಟಿದ ಪ್ರದೇಶಕ್ಕೇ ಮೊಟ್ಟೆಯಿಡಲು ಮರಳುತ್ತದೆ. ಭೂಮಿಯ ಕಾಂತಕ್ಷೇತ್ರವೇ ಅದಕ್ಕೆ ದಿಕ್ಸೂಚಿ ಎನ್ನುತ್ತಾರೆ ವಿಜ್ಞಾನಿಗಳು. ಈ ತೀರದಲ್ಲಿ ಗುರುತಿನ ಬಿಲ್ಲೆ ಹಾಕಿಸಿಕೊಂಡ ಆಮೆಗಳು ಆಫ್ರಿಕದ ಟ್ಯುನೀಸಿಯ ತೀರದಲ್ಲಿ, ಏಡ್ರಿಯಾಟಿಕ್ ಸಮುದ್ರದಲ್ಲಿ ಸಿಕ್ಕಿವೆ.

ಆಮೆ ಗ್ರೀಕರಿಗೆ ಅಪರಿಚಿತವೇನಲ್ಲ. ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ಏಜಿನಾ ಎಂಬ ಇನ್ನೊಂದು ದ್ವೀಪದವರು ತಮ್ಮ ಬೆಳ್ಳಿ ನಾಣ್ಯದ ಮೇಲೆ ಕಡಲಾಮೆಯ ಮುದ್ರೆ ಒತ್ತುತ್ತಿದ್ದರು. ಆದರೂ ಝಾಕಿಂಥೋಸ್ ಆಮೆಗಳ ಹೆರಿಗೆ ಮನೆ ಎಂಬುದು ವಿಜ್ಞಾನ ಲೋಕಕ್ಕೆ ತಿಳಿದದ್ದು ತೀರ ಈಚೆಗೆ, 1977ರಲ್ಲಿ. ದಿಮಿತ್ರಿಸ್ ಮಾರ್ಗರಿಟೂಲಿಸ್ ಎಂಬುವರು ಅದನ್ನು ಗುರುತಿಸಿದರು. 1983ರಲ್ಲಿ ಆಮೆಗಳಿಗಾಗಿಯೇ ಒಂದು ಸಂಘ ಹುಟ್ಟಿತು. ಆರ್ಖೆಲೋನ್ ಎಂದು ಅದರ ಹೆಸರು. ಎಣಿಸಿ ನೋಡಿದಾಗ ಗೊತ್ತಾಯಿತು, ಕೊಲ್ಲಿಯ ಆರು ತುಂಡು ಮರಳು ಸೇರಿದರೆ ಐದೂವರೆ ಕಿಲೋಮೀಟರಿನಷ್ಟು. ಅಷ್ಟರಲ್ಲೇ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಗೂಡುಗಳು.

ಯಾರ ಮರಳು?

ಕಾಲ ಕೂಡಿ ಬಂದದ್ದು ಹೇಗಿತ್ತೆಂದರೆ, ಆಮೆಗಳ ಸಂಗತಿ ತಿಳಿಯುವುದಕ್ಕೂ ಪ್ರವಾಸಿಗರ ವಿಮಾನಗಳು ಹೆಚ್ಚುವುದಕ್ಕೂ ಸರಿಹೋಯಿತು. ತೀರದ ಹಿಂದಿನ ಜಮೀನಿಗೆ ಒಮ್ಮೆಲೇ ಚಿನ್ನದ ಬೆಲೆ ಬಂತು. ಅದೇ ಹೊತ್ತಿಗೆ ಸರ್ಕಾರ, ಅಲ್ಲಿ ಕಟ್ಟಬೇಡಿ ಎಂದಿತು. ಅಜ್ಜನ ಕಾಲದಿಂದ ಆಲಿವ್ ಬೆಳೆದ ನೆಲದಲ್ಲಿ ನಾಲ್ಕು ಕೋಣೆ ಕಟ್ಟಿಕೊಂಡರೆ ಮಕ್ಕಳನ್ನು ಓದಿಸಬಹುದು ಎಂದು ಲೆಕ್ಕ ಹಾಕಿದ ರೈತನಿಗೆ ಈ ಮಾತು ಹೇಗೆ ಕೇಳಿಸಿರಬೇಡ! ಪಕ್ಕದ ಊರಿನವನು ಹೋಟೆಲು ಕಟ್ಟಿ ಶ್ರೀಮಂತನಾಗುತ್ತಿದ್ದಾನೆ, ತನ್ನ ನೆಲಕ್ಕೆ ಮಾತ್ರ ಆಮೆಯ ಬೇಲಿ. ನಷ್ಟ ಕಟ್ಟಿಕೊಡಬೇಕೆಂಬ ಬೇಡಿಕೆ ವರ್ಷಗಟ್ಟಲೆ ಎಳೆದಾಡಿತು. ಸಿಟ್ಟು ಆಮೆಯ ಮೇಲೆ, ಆಮೆಯ ಪರ ಮಾತಾಡುವವರ ಮೇಲೆ ತಿರುಗಿತು. ಪರಿಸರ ಉಳಿಸಿ ಎಂದು ದೂರದ ಊರಿನಲ್ಲಿ ಕೂತು ಹೇಳುವುದು ಸುಲಭ. ಉಳಿಸುವ ಖರ್ಚು ಬೀಳುವುದು ಆ ನೆಲದವನ ಮೇಲೆ. ಝಾಕಿಂಥೋಸಿನ ಕತೆಯಲ್ಲಿ ಇದನ್ನು ಮರೆಮಾಚುವಂತಿಲ್ಲ.

ಒಂದು ಕಡೆ ಬೇರೆ ದಾರಿ ಕಂಡಿತು. ಆರರಲ್ಲಿ ಗೂಡುಗಳು ಅತಿ ದಟ್ಟವಾಗಿರುವ ಸೆಕಾನಿಯಾ ತೀರದ ಹಿಂದಿನ ಜಮೀನನ್ನು 1994ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಗ್ರೀಸ್ ಶಾಖೆ ದುಡ್ಡು ಕೊಟ್ಟು ಕೊಂಡುಕೊಂಡಿತು. ಇಂದಿಗೂ ಅಲ್ಲಿ ಸಂಶೋಧಕರಿಗೆ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. 1999ರ ಡಿಸೆಂಬರಿನಲ್ಲಿ ಇಡೀ ಕೊಲ್ಲಿ ರಾಷ್ಟ್ರೀಯ ಸಾಗರ ಉದ್ಯಾನವಾಯಿತು. ಕಾಗದದ ಮೇಲೆ ಎಲ್ಲ ಸರಿ. ಆದರೆ ಪೂರ್ವ ಲಗನಾಸಿನ ಮರಳ ಮೇಲೆ ಮೊಪೆಡ್‌ಗಳು ಓಡಾಡುತ್ತಲೇ ಇದ್ದವು, ಆಮೆ ಬರುವ ದಾಫ್ನಿ, ಗೆರಾಕಾಸ್ ತೀರಗಳ ಮುಂದೆ ದೋಣಿಗಳು ತಿರುಗುತ್ತಲೇ ಇದ್ದವು, ದಾಫ್ನಿಯಲ್ಲಿ ಅಕ್ರಮ ಕಟ್ಟಡಗಳು ಎದ್ದಿದ್ದವು. ಪ್ರಕರಣ ಯುರೋಪಿನ ನ್ಯಾಯಾಲಯದ ಮೆಟ್ಟಿಲೇರಿತು. 2002ರ ಜನವರಿಯಲ್ಲಿ ಬಂದ ತೀರ್ಪು ಗ್ರೀಸಿನ ವಿರುದ್ಧವಾಗಿತ್ತು. ಆಮೆಯೊಂದರ ಗೂಡಿಗೆ ತೊಂದರೆಯಾಯಿತೆಂದು ಒಂದು ದೇಶವೇ ಕಟಕಟೆಯಲ್ಲಿ ನಿಂತದ್ದು ಸಣ್ಣ ಸಂಗತಿಯೇನಲ್ಲ.

ಬಂದವರು ಏನು ಮಾಡಬೇಕು?

ಈಗ ಕೊಲ್ಲಿಯನ್ನು ಮೂರು ವಲಯಗಳಾಗಿ ಹಂಚಿದ್ದಾರೆ. ಆಮೆಯ ಕಾಲದಲ್ಲಿ ಮೊದಲನೆಯದರಲ್ಲಿ ದೋಣಿಯೇ ಇಲ್ಲ. ಎರಡನೆಯದರಲ್ಲಿ ಆರು ನಾಟ್, ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರಿನಷ್ಟು ವೇಗ ಮೀರುವಂತಿಲ್ಲ, ಲಂಗರು ಹಾಕುವಂತಿಲ್ಲ. ಮೂರನೆಯದರಲ್ಲಿ ವೇಗದ ಮಿತಿ ಅದೇ, ಲಂಗರಿಗೆ ಅಡ್ಡಿಯಿಲ್ಲ. ಉಸಿರಾಡಲು ಮೇಲೆ ಬರುವ ಆಮೆಯ ಬೆನ್ನಿಗೆ ವೇಗದ ದೋಣಿ ಬಡಿದರೆ ಚಿಪ್ಪು ತೆಂಗಿನಕಾಯಿಯಂತೆ ಒಡೆಯುತ್ತದೆ.

ಮರಳಿನ ಮೇಲಿನ ನಿಯಮಗಳು ಮಕ್ಕಳಿಗೂ ಅರ್ಥವಾಗುವಂಥವು. ಗೂಡಿರುವ ತೀರಗಳಲ್ಲಿ ಕೊಡೆಯ ಕಂಬವನ್ನು ನೀರಿನಂಚಿನಿಂದ ಐದು ಮೀಟರಿನ ಒಳಗೇ ನೆಡಬೇಕು. ಅದಕ್ಕಿಂತ ಹಿಂದೆ ನೆಟ್ಟರೆ ಕಂಬದ ಚೂಪು ಮೊಟ್ಟೆಗಳಿಗೇ ಇಳಿದೀತು. ಸಂಜೆ ಕುರ್ಚಿಗಳನ್ನು ಪೇರಿಸಿಡಬೇಕು. ಮರಳಿನ ಕೋಟೆ ಕಟ್ಟಿದವರು ಮನೆಗೆ ಹೋಗುವ ಮೊದಲು ಅದನ್ನು ಕೆಡವಿ ಗುಂಡಿ ಮುಚ್ಚಬೇಕು. ಮಕ್ಕಳಿಗೆ ಮೊಣಕಾಲುದ್ದದ ಗುಂಡಿ, ಐದು ಸೆಂಟಿಮೀಟರು ಉದ್ದದ ಮರಿಗೆ ಹಾಳುಬಾವಿ.

ಬೆಳಕಿನದು ಇನ್ನೂ ಸೂಕ್ಷ್ಮ ವಿಚಾರ. ರಾತ್ರಿ ಹೊರಬಂದ ಮರಿ ಎತ್ತ ಬೆಳಕಿದೆಯೋ ಅತ್ತ ಓಡುತ್ತದೆ. ನಕ್ಷತ್ರದ ಬೆಳಕು ಬಿದ್ದ ಸಮುದ್ರ ಹಿಂದಿನ ದಿಬ್ಬಗಳಿಗಿಂತ ಬೆಳ್ಳಗೆ ಕಾಣುತ್ತದಲ್ಲ, ಕೋಟ್ಯಂತರ ವರ್ಷಗಳಿಂದ ಈ ಲೆಕ್ಕ ತಪ್ಪಿರಲಿಲ್ಲ. ಹೋಟೆಲಿನ ದೀಪಗಳು ಬಂದು ಲೆಕ್ಕ ತಲೆಕೆಳಗಾಯಿತು. ಮರಿಗಳು ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆಯತ್ತ ನಡೆದವು. ಹೊನ್ನಾವರ, ಕುಂದಾಪುರದ ಕಡೆ ಚಳಿಗಾಲದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗಳ ಮರಿಗಳಿಗೂ ಇರುವ ಅಪಾಯ ಇದೇ. ಲಗನಾಸ್ ಕೊಲ್ಲಿಯಲ್ಲಿ ದೀಪಗಳಿಗೆ ಮರೆ ಕಟ್ಟಿಸುವ, ಮರಿಗಳ ದಾರಿಗೆ ಬೆಳಕು ಬೀಳದಂತೆ ಗೂಡಿನ ಬಳಿ ತಡಿಕೆ ನಿಲ್ಲಿಸುವ ಕೆಲಸ ನಡೆದಿದೆ. ಆಮೆ ಬರುವ ತಿಂಗಳುಗಳಲ್ಲಿ ರಾತ್ರಿ ವಿಮಾನ ಸಂಚಾರಕ್ಕೂ ನಿರ್ಬಂಧವಿದೆ.

ಇಷ್ಟು ಮಾಡಿದ್ದಕ್ಕೆ ಫಲ ಸಿಕ್ಕಿತೆ? ಸಿಕ್ಕಿದೆ. ಮೆಡಿಟರೇನಿಯನ್ನಿನ ಈ ಆಮೆಗಳನ್ನು 2015ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯ ಕಡಿಮೆಯಿರುವ ವರ್ಗಕ್ಕೆ ಇಳಿಸಲಾಯಿತು. ಜೊತೆಗೇ ಒಂದು ಷರಾ ಇತ್ತು: ರಕ್ಷಣೆ ಕೈಬಿಟ್ಟರೆ ಈ ಸ್ಥಿತಿ ಉಳಿಯುವುದಿಲ್ಲ.

ಕಾನೂನಿಗೆ ಸಿಗದ ಇನ್ನೊಂದು ಆತಂಕವೂ ಇದೆ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. 29 ಡಿಗ್ರಿ ಸೆಲ್ಸಿಯಸ್ ಆಸುಪಾಸು ಗಡಿ. ಅದಕ್ಕಿಂತ ಬಿಸಿಯಿದ್ದರೆ ಹೆಣ್ಣು ಹೆಚ್ಚು, ತಂಪಿದ್ದರೆ ಗಂಡು. ಕೊಲ್ಲಿಯ ಬಹುತೇಕ ಗೂಡುಗಳಿಂದ ಹೆಣ್ಣುಗಳೇ ಹೆಚ್ಚಾಗಿ ಬರುತ್ತವೆ. ಕೊಲ್ಲಿಯ ನಡುವಿನ ಮರಥೊನಿಸಿ ಎಂಬ ಪುಟ್ಟ ನಡುಗಡ್ಡೆಯ ಬಿಳಿ ಮರಳು ಅಷ್ಟು ಕಾಯುವುದಿಲ್ಲವಾದ್ದರಿಂದ ಗಂಡುಗಳ ಕೊರತೆ ತುಂಬುವುದು ಹೆಚ್ಚಾಗಿ ಅಲ್ಲಿಂದ. ಭೂಮಿ ಬಿಸಿಯೇರುತ್ತಿರುವಾಗ ಆ ಒಂದು ಚೂರು ಮರಳಿನ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಬೇಸಿಗೆಯಲ್ಲಿ ಅಲ್ಲಿಗೂ ದೋಣಿಗಳಲ್ಲಿ ಜನ ಹೋಗುತ್ತಾರೆ.

ಬೆಳಗಿನ ಪಾಳಿ

ದ್ವೀಪಕ್ಕೆ ಹೋಗುವುದು ಕಷ್ಟವೇನಲ್ಲ. ಷೆಂಗೆನ್ ವೀಸಾ ಪಡೆದು ಅಥೆನ್ಸ್ ತಲುಪಿದರೆ, ಅಲ್ಲಿಂದ ಬಸ್ಸಿನಲ್ಲಿ ಕಿಲ್ಲೀನಿ ಬಂದರು, ಮುಂದೆ ಹಡಗಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಜೇನು ಬಾದಾಮಿಯ ಮಂದೊಲಾತೊ ಮಿಠಾಯಿ ಇಲ್ಲಿನ ವಿಶೇಷ. ಪಸ್ತೇಲಿ ಎಂಬುದನ್ನು ಬಾಯಿಗಿಟ್ಟರೆ ಅರೆ, ಇದು ನಮ್ಮ ಎಳ್ಳು ಚಿಕ್ಕಿ ಎನ್ನಿಸುತ್ತದೆ. ಬೆಲ್ಲದ ಬದಲು ಜೇನು, ಅಷ್ಟೆ. ಚಿತ್ರಪತ್ರಗಳಲ್ಲೆಲ್ಲ ಕಾಣುವ, 1980ರಲ್ಲಿ ಹಡಗೊಂದು ಬಂದು ಸಿಕ್ಕಿಕೊಂಡ ನವಾಯಿಯೊ ತೀರವೂ ಈ ದ್ವೀಪದ್ದೇ. ಬಂಡೆ ಕುಸಿಯುವ ಭಯದಿಂದ ಇತ್ತೀಚೆಗೆ ಅಲ್ಲಿ ಇಳಿಯಲು ಬಿಡುತ್ತಿಲ್ಲ.

ವಿದ್ಯಾರ್ಥಿಗಳು ಬೇರೊಂದು ರೀತಿಯಲ್ಲೂ ಹೋಗಬಹುದು. ಬೇಸಿಗೆ ರಜೆಯಲ್ಲಿ ಹಲವು ದೇಶಗಳ ಕಾಲೇಜು ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಬಂದು ಡೇರೆಗಳಲ್ಲಿ ಉಳಿಯುತ್ತಾರೆ. ಲಗನಾಸಿನ ಕೊನೆಯ ಬಾರು ಬಾಗಿಲು ಹಾಕುವ ಹೊತ್ತಿಗೆ ಇವರ ದಿನ ಶುರು. ಬೆಳಕು ಹರಿಯುತ್ತಿದ್ದಂತೆ ಮರಳಿನ ಮೇಲೆ ನಡೆದು, ಟ್ರ್ಯಾಕ್ಟರ್ ಹರಿದಂತೆ ಮೂಡಿದ ಹೆಜ್ಜೆಗುರುತು ಹುಡುಕಿ, ಆಮೆ ಮೊಟ್ಟೆಯಿಟ್ಟಿತೋ ಬರಿದೇ ಹೋಯಿತೋ ಎಂದು ಪರೀಕ್ಷಿಸಿ, ಇಟ್ಟಿದ್ದರೆ ಗೂಡಿಗೆ ಗುರುತು ಹಾಕಿ ಅಳತೆ ಬರೆದುಕೊಳ್ಳುತ್ತಾರೆ. ಹಗಲೆಲ್ಲ ಪ್ರವಾಸಿಗರಿಗೆ ತಿಳಿಹೇಳುವ ಕೆಲಸ. ದೋಣಿ ಬಡಿದು ಗಾಯಗೊಂಡ ಆಮೆ ಸಿಕ್ಕರೆ ಅಥೆನ್ಸ್ ಬಳಿಯ ಗ್ಲಿಫಾದದ ಆಸ್ಪತ್ರೆಗೆ ಕಳಿಸುತ್ತಾರೆ. 1994ರಲ್ಲಿ ಶುರುವಾದ ಆ ಆಸ್ಪತ್ರೆ ನಡೆಯುವುದು ಹಳೆಯ ರೈಲು ಬೋಗಿಗಳಲ್ಲಿ.

ಆಗಸ್ಟ್ ನಂತರ ಇನ್ನೊಂದು ಕೆಲಸ ಸೇರುತ್ತದೆ. ಮರಿಗಳು ಹೊರಟುಹೋಗಿ ಕೆಲವು ದಿನಗಳಾದ ಮೇಲೆ ಆ ಗೂಡನ್ನು ಕೈಯಿಂದಲೇ ಮೆಲ್ಲಗೆ ಅಗೆಯುತ್ತಾರೆ. ಒಡೆದ ಚಿಪ್ಪೆಷ್ಟು, ಒಡೆಯದೆ ಉಳಿದ ಮೊಟ್ಟೆ ಎಷ್ಟು ಎಂದು ಒಂದೊಂದಾಗಿ ಎಣಿಸಿ ಬರೆಯುತ್ತಾರೆ. ಕೆಲವೊಮ್ಮೆ ತಳದಲ್ಲಿ, ಬೇರಿಗೋ ಕಲ್ಲಿಗೋ ಸಿಕ್ಕಿಕೊಂಡು ಹಿಂದುಳಿದ ಒಂದೋ ಎರಡೋ ಮರಿಗಳಿರುತ್ತವೆ. ಅವನ್ನು ಎತ್ತಿ ಮರಳಿನ ಮೇಲೆ ಬಿಟ್ಟು, ನೀರು ಮುಟ್ಟುವವರೆಗೆ ಕಾದು ನೋಡಿ, ಆಮೇಲೆ ಗುಂಡಿ ಮುಚ್ಚುತ್ತಾರೆ.