ಹ್ಯಾಮಂಡ್ ಆರ್ಗನ್ನಿನ ದನಿ ಲ್ಯಾಪ್‌ಟಾಪಿನಲ್ಲಿ

ಕೊಯರಿನ ಯುವಕರಿಂದ ನಾವು ಕೇಳುವ ದೂರೊಂದಿದೆ. ಲ್ಯಾಪ್‌ಟಾಪಿಗೆ ಕೀಬೋರ್ಡ್ ಜೋಡಿಸಿ ಹಳೆಯ ಹ್ಯಾಮಂಡ್ ಆರ್ಗನ್ನಿನ ಸ್ಯಾಂಪಲ್ ನುಡಿಸುತ್ತಾರೆ. ಸ್ಯಾಂಪಲ್ ಎಂದರೆ ಅಸಲಿ ವಾದ್ಯದ ಒಂದೊಂದು ಸ್ವರದ ಧ್ವನಿಮುದ್ರಣ. ಆದರೂ ದನಿ ಆಟಿಕೆಯಂತೆ ಕೇಳಿಸುತ್ತದಂತೆ! ದೋಷ ಹೆಚ್ಚಾಗಿ ಸ್ಯಾಂಪಲಿನದಲ್ಲ, ಅದರ ಮೇಲೆ ಹಾಕುವ ಎಫೆಕ್ಟುಗಳದ್ದು.

ಗಡಿಯಾರ ತಯಾರಕರಾಗಿದ್ದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಅಮೆರಿಕದ ಶಿಕಾಗೊದಿಂದ ಈ ವಾದ್ಯವನ್ನು ಮಾರುಕಟ್ಟೆಗೆ ತಂದರು. ಪೈಪ್ ಆರ್ಗನ್ ಕೊಳ್ಳಲಾಗದ ಅಲ್ಲಿನ ಇಗರ್ಜಿಗಳು ಇದನ್ನು ಕೊಂಡವು. ಒಳಗೆ ಕೊಳವೆಗಳಿಲ್ಲ, ಅಯಸ್ಕಾಂತದ ಮುಂದೆ ತಿರುಗುವ ಲೋಹದ ಚಕ್ರಗಳಿಂದ ಸ್ವರ ಹುಟ್ಟುತ್ತದೆ. ಪ್ರಸಿದ್ಧ ಬಿ-3 ಮಾದರಿಯಲ್ಲಿ ಇಂಥ ಚಕ್ರಗಳು 91. ಒಂಬತ್ತು ಡ್ರಾಬಾರ್‌ಗಳನ್ನು 0ಯಿಂದ 8ರವರೆಗೆ ಎಳೆದು ದನಿಯನ್ನು ಹದ ಮಾಡಬೇಕು. ಕೀ ಒತ್ತಿದಾಗಿನ ‘ಟಿಕ್’ ಸದ್ದನ್ನು ತಯಾರಕರು ದೋಷವೆಂದೇ ಎಣಿಸಿದ್ದರು. ಇಂದು ಅದಿಲ್ಲದ ಸ್ಯಾಂಪಲನ್ನು ವಾದಕರು ಒಪ್ಪುವುದಿಲ್ಲ.

ಆದರೆ ಹ್ಯಾಮಂಡ್ ದನಿ ಎಂದು ನಾವು ಗುರುತಿಸುವುದರ ಅರ್ಧಪಾಲು ಡಾನ್ ಲೆಸ್ಲಿಯವರ ಸ್ಪೀಕರಿನದು. 1940ರ ದಶಕದ ಆರಂಭದಲ್ಲಿ ಬಂದ ಆ ಪೆಟ್ಟಿಗೆಯಲ್ಲಿ ತಾರ ಸ್ವರಗಳಿಗೆ ತಿರುಗುವ ಕಹಳೆ, ಮಂದ್ರಕ್ಕೆ ತಿರುಗುವ ಡ್ರಮ್ ಇವೆ. ಕಹಳೆಯ ಬಾಯಿ ನಮ್ಮತ್ತ ಬರುವಾಗ ಶ್ರುತಿ ಕೊಂಚ ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ, ರೈಲಿನ ಸೀಟಿಯಂತೆ. ನಿಧಾನ ಗತಿಯಲ್ಲಿ ಸೆಕೆಂಡಿಗೆ ಒಂದು ಸುತ್ತಿಗೂ ಕಡಿಮೆ, ವೇಗದಲ್ಲಿ ಆರೇಳು ಸುತ್ತು. ಹ್ಯಾಮಂಡರಿಗೆ ಮಾತ್ರ ಇದು ಹಿಡಿಸಲೇ ಇಲ್ಲ.

ತೊಡಕಿರುವುದು ಇಲ್ಲಿಯೇ. ಸ್ಪೀಕರ್ ತಿರುಗುತ್ತಿರುವಾಗ ಮುದ್ರಿಸಿದ ಸ್ಯಾಂಪಲಿನಲ್ಲಿ ಮೂರು ಕೀ ಒತ್ತಿದರೆ, ಮೂರು ಕಹಳೆಗಳು ಮೂರು ದಿಕ್ಕಿಗೆ ಮುಖಮಾಡಿ ತಿರುಗಿದಂತಾಗುತ್ತದೆ. ನಡುವೆ ವೇಗ ಬದಲಿಸಲೂ ಆಗದು. ಆದ್ದರಿಂದ ಸ್ಪೀಕರಿಲ್ಲದೆ ಮುದ್ರಿಸಿದ ಸ್ಯಾಂಪಲನ್ನೇ ಆರಿಸಿ, ‘ರೋಟರಿ’ ಎಫೆಕ್ಟನ್ನು ಎಲ್ಲ ಸ್ವರಗಳಿಗೂ ಒಟ್ಟಾಗಿ ಒಮ್ಮೆ ಮಾತ್ರ ಸೇರಿಸಬೇಕು.

ಎಫೆಕ್ಟುಗಳ ಕ್ರಮವೂ ಮುಖ್ಯ. ಮೊದಲು ವೈಬ್ರಾಟೊ-ಕೋರಸ್, ಅನಂತರ ಕಾಲಿನ ವಾಲ್ಯೂಮ್ ಪೆಡಲ್, ಆಮೇಲೆ ದನಿಯನ್ನು ಒರಟಾಗಿಸುವ ಓವರ್‌ಡ್ರೈವ್, ಬಳಿಕ ರೋಟರಿ. ಲೆಸ್ಲಿ ಪೆಟ್ಟಿಗೆಯ ವಾಲ್ವ್ ಆಂಪ್ಲಿಫೈಯರ್ ಪೆಡಲ್ ಒತ್ತಿದಷ್ಟೂ ಗರಗರ ಎನ್ನುತ್ತಿತ್ತು. ಪೆಡಲನ್ನು ಕೊನೆಯಲ್ಲಿಟ್ಟರೆ ಈ ಗುಣ ಸಿಗದು. ರೋಟರಿಯ ವೇಗ ಹೆಚ್ಚಿಸಿದಾಗ ಕಹಳೆ ಬೇಗನೆ ವೇಗ ಹಿಡಿಯಬೇಕು, ಭಾರವಾದ ಡ್ರಮ್ ಕೆಲವು ಸೆಕೆಂಡು ಹಿಂದೆ ಉಳಿಯಬೇಕು. ಎರಡೂ ಒಟ್ಟಿಗೆ ಓಡಿದರೆ ಮೋಸ ಕಿವಿಗೆ ಗೊತ್ತಾಗಿಬಿಡುತ್ತದೆ. ಮತ್ತೊಂದು ಮಾತು: ಆರ್ಗನ್ನಿನಲ್ಲಿ ಬೆರಳಿನ ಬಿರುಸಿಗೆ ದನಿ ಹೆಚ್ಚುವುದಿಲ್ಲ. ಪಿಯಾನೊ ಅಭ್ಯಾಸದವರು ಸಾಫ್ಟ್‌ವೇರಿನ ವೆಲಾಸಿಟಿಯನ್ನು ತೆಗೆದುಹಾಕಲಿ.

ರಿವರ್ಬ್ ವಿಷಯದಲ್ಲಿ ನಾವು ಸ್ವಲ್ಪ ಕಠಿಣರು. ಮನೆಯಲ್ಲಿ ಹೆಡ್‌ಫೋನಿಗೆ ಹದ ಮಾಡಿದ್ದನ್ನು ಹಾಗೆಯೇ ಇಗರ್ಜಿಗೆ ತಂದರೆ, ಎತ್ತರದ ಮಾಡಿನ ಅನುರಣನವೂ ಸೇರಿ ಗೀತೆಯ ಪದಗಳೇ ಮುಳುಗುತ್ತವೆ. ಅಲ್ಲಿ ರಿವರ್ಬ್ ಸೊನ್ನೆಗಿಳಿಸಿ. ಜನರು ಹಾಡುವಾಗ ರೋಟರಿ ನಿಧಾನಗತಿಯಲ್ಲಿರಲಿ, ವೇಗವನ್ನು ಕೊನೆಯ ಚರಣದ ಬಳಿಕದ ವಾದನಕ್ಕೆ ಇಟ್ಟುಕೊಳ್ಳಿ. ಹಿಂದಿನ ಬೆಂಚಿನ ಅಜ್ಜಿ ಶ್ರುತಿ ಹಿಡಿಯುವುದು ಆರ್ಗನ್ನಿನಿಂದ. ಅದೇ ಅಲುಗಾಡಿದರೆ ಅವರು ಬಾಯಿ ಮುಚ್ಚಿ ಕುಳಿತುಬಿಡುತ್ತಾರೆ.