ಕಾಕಂಬಿಯಲ್ಲಿ ಮಿಂದು, ಸತುವನ್ನು ಉಟ್ಟು

ತುಕ್ಕು ಹಿಡಿದ ಕಬ್ಬಿಣವನ್ನು ಕಬ್ಬು ತೊಳೆಯುತ್ತದೆ ಎಂದರೆ ನಂಬುತ್ತೀರಾ? ಸೊಲ್ಲಾಪುರ ಸೀಮೆಯಲ್ಲಿ ಕಬ್ಬಿಗೂ ಬರವಿಲ್ಲ, ಸಕ್ಕರೆ ಕಾರ್ಖಾನೆಗಳಿಗೂ ಬರವಿಲ್ಲ. ಅಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ರಸ, ದನದ ಮೇವಿಗೆ ಬೆರೆಸುವ ಅದೇ ಕಾಕಂಬಿ, ಒಂದು ಪಾಲಿಗೆ ಒಂಬತ್ತು ಪಾಲು ನೀರು ಕೂಡಿಸಿಕೊಂಡರೆ ಸಾಕು, ಹಳೆಯ ಕಾರಿನ ಬ್ರಾಕೆಟ್ಟು, ಕೀಲು, ಕೊಂಡಿಗಳ ಮೇಲಿನ ತುಕ್ಕನ್ನು ಒಂದೆರಡು ವಾರದಲ್ಲಿ ಸದ್ದಿಲ್ಲದೆ ಬಿಡಿಸಿಹಾಕುತ್ತದೆ! ಉಜ್ಜಬೇಕಿಲ್ಲ, ಕೆರೆಯಬೇಕಿಲ್ಲ. ಕಾಕಂಬಿಯೊಳಗಿನ ಪದಾರ್ಥಗಳು ತುಕ್ಕಿನಲ್ಲಿರುವ ಕಬ್ಬಿಣದ ಕಣಗಳನ್ನು ತಬ್ಬಿ ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ, ಒಳಗಿನ ಗಟ್ಟಿ ಲೋಹವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಹುಳಿತ ವಾಸನೆಯನ್ನು ತಡೆದುಕೊಳ್ಳಬೇಕು, ಅಷ್ಟೇ. ಅಲ್ಯೂಮಿನಿಯಂ, ಸತುವಿನ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಲೇಬಾರದು, ಅವೇ ಕರಗಿಹೋಗುತ್ತವೆ.

ಹಳೆಯ ಕಾರಿನ ಮಾತು ಸೊಲ್ಲಾಪುರದಲ್ಲಿ ಎದ್ದರೆ ಎದುರಿಗೆ ನಿಲ್ಲುವ ಹೆಸರು ವಾಲ್‌ಚಂದ್ ಹಿರಾಚಂದರದು. 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದವರು, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದವರು. ಆ ಕಾರ್ಖಾನೆಯ ಫಿಯೆಟ್ 1100 ಮುಂದೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎನ್ನಿಸಿಕೊಂಡಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿದ ಆ ಗಾಡಿಯ ಬೇರು ಸೊಲ್ಲಾಪುರದ ಒಬ್ಬ ಮಗನ ಕನಸಿನಲ್ಲಿದೆ! ಇಂದಿಗೂ ಯಾವುದೋ ಓಣಿಯ ಶೆಡ್ಡಿನಲ್ಲಿ ಒಂದು ಪದ್ಮಿನಿಯನ್ನು ಬಿಚ್ಚಿ ಹರಡಿದರೆ, ನೂರಾರು ನಟ್ಟು-ಬೋಲ್ಟುಗಳು ಕೆಂಪಗೆ ಸಿಪ್ಪೆ ಸುಲಿಯುತ್ತ ಬಿದ್ದಿರುತ್ತವೆ. ಅವಕ್ಕೆ ಮರುಜನ್ಮ ಕೊಡುವ ವಿದ್ಯೆಯೇ ಪ್ಲೇಟಿಂಗ್, ಅಂದರೆ ವಿದ್ಯುತ್ತಿನಿಂದ ಲೋಹದ ಲೇಪನ.

ತುಕ್ಕು ಹೋದ ಭಾಗವನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಾರೆ, ತೊಳೆಯುತ್ತಾರೆ, ಒಂದು ಗಳಿಗೆ ಆಸಿಡ್ಡಿಗೆ ಅದ್ದುತ್ತಾರೆ, ಮತ್ತೆ ತೊಳೆಯುತ್ತಾರೆ. ಮೈಮೇಲೆ ನೀರು ಹನಿಹನಿಯಾಗಿ ಒಡೆಯದೆ ಒಂದೇ ಪೊರೆಯಾಗಿ ನಿಂತರೆ ಜಿಡ್ಡು ಹೋಯಿತೆಂದು ಅರ್ಥ. ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ, ಅದರಲ್ಲಿ ಸೋಮಾರಿತನ ಮಾಡಿದರೆ ಲೇಪನ ಹಪ್ಪಳದಂತೆ ಎದ್ದುಬರುತ್ತದೆ. ಆಮೇಲೆ ತಾಮ್ರದ ತಂತಿಗೆ ಕಟ್ಟಿ ಸತುವಿನ ಲವಣದ ತೊಟ್ಟಿಯಲ್ಲಿ ಇಳಿಬಿಟ್ಟು, ಅಕ್ಕಪಕ್ಕ ಸತುವಿನ ತಗಡು ನೇತುಹಾಕಿ, ವಿದ್ಯುತ್ ಹರಿಸಿದರೆ, ಅಬ್ಬಾ! ತಗಡಿನ ಸತು ಕರಗುತ್ತದೆ, ಬೋಲ್ಟಿನ ಮೇಲೆ ಸತು ಕೂರುತ್ತದೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.2 ಗ್ರಾಂ ಸತು, ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕಂಡುಕೊಂಡ ನಿಯಮ ಇದು. ಎಂಟು ಮೈಕ್ರಾನ್ ಕೂತರೂ ಸಾಕು, ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ದಪ್ಪ.

ಆ ತೆಳುಪೊರೆ ಕಬ್ಬಿಣವನ್ನು ಕಾಯುವ ರೀತಿ ನನ್ನನ್ನು ಮೂಕನನ್ನಾಗಿಸುತ್ತದೆ. ಕಬ್ಬಿಣದ ಜೊತೆಗಿದ್ದಾಗ ತಾನೇ ಮೊದಲು ಸವೆಯುವ ಲೋಹ ಸತು. ಪೊರೆಗೆ ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಮೊದಲು ಸವೆಯುವುದು ಸುತ್ತಲಿನ ಸತುವೇ, ಅದು ಇರುವವರೆಗೆ ಕಬ್ಬಿಣಕ್ಕೆ ಅಪಾಯವಿಲ್ಲ! ಬಂಪರಿನ ಕ್ರೋಮ್‌ನ ಸ್ವಭಾವವೇ ಬೇರೆ. ನಾವು ಕ್ರೋಮ್ ಹೊಳಪು ಎಂದು ಮೆಚ್ಚುವುದರಲ್ಲಿ ಹೆಚ್ಚಿನದು ಕೆಳಗಿನ ನಿಕ್ಕಲ್‌ನದು, ಮೇಲಿನ ಕ್ರೋಮ್ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ. ಅಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ತುಕ್ಕು ಒಳಗೊಳಗೇ ಹಬ್ಬುತ್ತದೆ.

ಇನ್ನೊಂದು ಸೋಜಿಗ ಕೇಳಿ. ಸತು ಲೇಪನದ ಕೆಲವು ತೊಟ್ಟಿಗಳಲ್ಲಿ ಬೆರೆಸುವ ಲವಣ ಅಮೋನಿಯಂ ಕ್ಲೋರೈಡ್. ಅದು ನಮ್ಮ ನವಸಾಗರ! ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಗೆ ಚಿಮುಕಿಸಿ, ಬಿಳಿ ಹೊಗೆ ಎಬ್ಬಿಸಿ, ತವರ ಸವರುತ್ತಿದ್ದನಲ್ಲ, ಅದೇ ಪುಡಿ. ಬೀದರಿನ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ಬೆರೆಸುವುದೂ ಅದನ್ನೇ. ಬಿದರಿಯ ಹೂಜಿ ಬಹುಪಾಲು ಸತು, ಜೊತೆಗೆ ಚೂರು ತಾಮ್ರ. ಆ ಮಣ್ಣಿನ ಮಿಶ್ರಣದಲ್ಲಿ ಹೂಜಿ ಕಪ್ಪಾಗುತ್ತದೆ, ಕೆತ್ತಿ ಕೂಡಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಲಾಯಿಯ ಕುಲುಮೆ, ಬಿದರಿಯ ಕುಸುರಿ, ಕಾರಿನ ಬೋಲ್ಟು, ಮೂರಕ್ಕೂ ಒಂದೇ ಉಪ್ಪು!

ಸತು ಕೂತ ಮೇಲೆ, ಅದನ್ನು ಕಾಪಾಡುವ ಪ್ಯಾಸಿವೇಷನ್ ದ್ರವದಲ್ಲಿ ಕೆಲವು ಸೆಕೆಂಡು ಅದ್ದಿದರೆ ಬೂದುಬಣ್ಣ ಹೊಂಬಣ್ಣವಾಗಿ, ಅದರೊಳಗೆ ಹಸಿರು-ಗುಲಾಬಿ ಮಿಂಚಾಡುತ್ತದೆ. ಹಳೆಯ ಕಾರಿನ ಬಾನೆಟ್ ಎತ್ತಿದಾಗ ಕಾಣುವ ಬಣ್ಣ ಅದೇ.

ಆದರೆ ಎಲ್ಲಕ್ಕೂ ಪ್ಲೇಟಿಂಗ್ ಸಲ್ಲದು. ಅಕ್ಕಲಕೋಟೆಯ ಸಂಸ್ಥಾನಿಕರ ಅರಮನೆಯ ಶಸ್ತ್ರಾಗಾರ ಪ್ರಸಿದ್ಧ. ಅಂಥ ಹಳೆಯ ಕತ್ತಿಯ ಅಲಗಿಗೆ ಎಣ್ಣೆ ಸವರಬೇಕೇ ಹೊರತು ಸತುವಿನ ಕವಚ ಹೊದಿಸಿದರೆ ಕಮ್ಮಾರನ ಕೈಗುರುತೇ ಮುಚ್ಚಿಹೋಗುತ್ತದೆ. ಸೊಲ್ಲಾಪುರದಿಂದ ಆ ಊರಿನತ್ತ ಹೋಗುವ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಇದೆ, 1992ರಲ್ಲಿ ಶುರುವಾದ ಕಂಪನಿ, ದೇಶ-ವಿದೇಶದ ಕಾರುಗಳಿಗೆ ಕ್ಯಾಮ್‌ಶಾಫ್ಟ್ ಕಳಿಸುತ್ತದೆ. ಎಂಜಿನ್ನಿನೊಳಗೆ ಎಣ್ಣೆಯಲ್ಲೇ ತಿರುಗುವ ಅಂಥ ಭಾಗಕ್ಕೂ ಸತು ಬೇಕಿಲ್ಲ. ಇನ್ನು ಗಡಸು ಉಕ್ಕಿನದು ಬೇರೆಯೇ ಸಮಸ್ಯೆ. ಆಸಿಡ್ಡಿನಲ್ಲೂ ತೊಟ್ಟಿಯಲ್ಲೂ ಹುಟ್ಟುವ ಜಲಜನಕ ಅದರೊಳಗೆ ಹೊಕ್ಕು ಕುಳಿತು ಒಂದು ದಿನ ಫಟ್ಟೆಂದು ಮುರಿಸಿಬಿಡುತ್ತದೆ. ಲೇಪನವಾದೊಡನೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಓಡಿಸುವುದುಂಟು. ಸ್ಟೀರಿಂಗ್, ಬ್ರೇಕು, ಸಸ್ಪೆನ್ಷನ್ ಬೋಲ್ಟುಗಳನ್ನು ಮಾತ್ರ ಹೊಸದೇ ಕೊಳ್ಳಿ ಎನ್ನುತ್ತೇನೆ. ಅಲ್ಲಿ ಹಳೆಯದರ ಮೋಹ ಬೇಡ.

ನಿಮ್ಮ ಮನೆಯಲ್ಲೋ ಅಜ್ಜನ ಊರಿನಲ್ಲೋ ಪದ್ಮಿನಿಯೊಂದು ನಿಂತಿದ್ದರೆ ಗುಜರಿಯವನನ್ನು ಕರೆಯಬೇಡಿ. ಮೊದಲು ಒಂದೇ ಒಂದು ಬ್ರಾಕೆಟ್ಟನ್ನು ಬಿಚ್ಚಿ ಕಾಕಂಬಿ ನೀರಿಗೆ ಹಾಕಿ ನೋಡಿ. ಕ್ರೋಮ್ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಹಳೆಯ ಬಗೆಯ ಕ್ರೋಮ್ ಲವಣಗಳು ಕ್ಯಾನ್ಸರ್ ತರುತ್ತವೆ, ಅದನ್ನು ಪರವಾನಗಿ ಇರುವ ಕಾರ್ಖಾನೆಗೆ ಕೊಡಿ. ಆಸಿಡ್ಡು, ಸತುವಿನ ನೀರನ್ನು ಚರಂಡಿಗೂ ಬಾವಿಯ ಬಳಿಗೂ ದಯವಿಟ್ಟು ಸುರಿಯಬೇಡಿ.