ಗಡಸು ನೀರನ್ನೇ ಬಯಸುವ ಚಿಪ್ಪಿನ ಮೀನು

ಮಂಚೇನಹಳ್ಳಿ: ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಫ್ಲೋರೈಡ್ ಭೀತಿಯಿಂದ ಜನ ಕುಡಿಯಲು ಹಿಂಜರಿಯುತ್ತಾರೆ. ಆದರೆ ಇಂಥ ಗಡಸುತನವನ್ನೇ ಬಯಸುವ ಅಕ್ವೇರಿಯಂ ಮೀನೊಂದಿದೆ.

ಆಫ್ರಿಕದ ಟಾಂಗಾನಿಕಾ ಸರೋವರದ ‘ಮಲ್ಟಿಫ್ಯಾಸಿಯಾಟಸ್’ ಎಂಬ ಸಿಕ್ಲಿಡ್ ಮೀನು ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ಸಂಸಾರ ಹೂಡುತ್ತದೆ. ಗಂಡು ಸುಮಾರು 4 ಸೆಂ.ಮೀ., ಹೆಣ್ಣು ಇನ್ನೂ ಚಿಕ್ಕದು. ಸರೋವರದ ನೀರು ಕ್ಷಾರೀಯ. ಪಿಎಚ್ ಸುಮಾರು 9.

ಮನುಷ್ಯರು ಕುಡಿಯುವ ನೀರೇ ಮೀನಿಗೂ ಒಳ್ಳೆಯದೆಂದು ಶುದ್ಧೀಕರಣ ಘಟಕದ ಆರ್.ಒ. ನೀರನ್ನಷ್ಟೇ ತುಂಬುವುದು ಸಾಮಾನ್ಯ ತಪ್ಪು. ಖನಿಜಾಂಶ ಕಳೆದುಕೊಂಡ ಆ ನೀರಿನಲ್ಲಿ ಪಿಎಚ್ ಸ್ಥಿರವಾಗಿ ನಿಲ್ಲದೆ ಕುಸಿಯುತ್ತದೆ. ಹಾಗೆಂದು ಕೊಳವೆಬಾವಿಯ ನೀರನ್ನೂ ಪರೀಕ್ಷಿಸದೆ ಸುರಿಯುವಂತಿಲ್ಲ. ಗಡಸುತನ, ಪಿಎಚ್ ಜತೆಗೆ ನೈಟ್ರೇಟ್ ಪ್ರಮಾಣವೂ ತಿಳಿದಿರಬೇಕು.

ಪುಟ್ಟ ಗುಂಪಿಗೆ 40 ಲೀಟರ್ ತೊಟ್ಟಿ ಸಾಕು. ತಳಕ್ಕೆ ಎರಡು ಅಂಗುಲ ನಯವಾದ ಮರಳು, ಮೀನುಗಳ ಸಂಖ್ಯೆಗಿಂತ ಹೆಚ್ಚು ಚಿಪ್ಪು ಇರಬೇಕು. ಕೆರೆ, ಗದ್ದೆಗಳಲ್ಲಿ ಬಿದ್ದಿರುವ ಖಾಲಿ ಚಿಪ್ಪುಗಳನ್ನೇ ಕುದಿಸಿ, ತೊಳೆದು ಹಾಕಬಹುದು. ಮೀನುಗಳು ಬಾಯಲ್ಲಿ ಮರಳು ಹೊತ್ತು ಅವುಗಳ ಸುತ್ತ ಗುಂಡಿ ತೋಡುವುದು ನೋಡತಕ್ಕ ದೃಶ್ಯ.

ಹೆಣ್ಣು ಚಿಪ್ಪಿನೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಬೆಳೆದ ಮೇಲೂ ಗುಂಪಿನಲ್ಲೇ ಉಳಿಯುವುದರಿಂದ ಬೇರ್ಪಡಿಸುವ ಗೊಡವೆಯಿಲ್ಲ. ಆಗಷ್ಟೇ ಒಡೆದ ಆರ್ಟೀಮಿಯಾ ಅವಕ್ಕೆ ಒಳ್ಳೆಯ ಆಹಾರ. ತೊಟ್ಟಿ ತುಂಬಿದರೆ ಇತರ ಸಾಕಣೆದಾರರಿಗೆ ಕೊಡಬೇಕೇ ಹೊರತು ಊರ ಕೆರೆಗೆ ಬಿಡಬಾರದು.